ಆಕಾಶದಲ್ಲಿ ವಿಡಿಯೊ ತೆಗೆಯೋನ ಬಟ್ಟೆ: ಮೊದಲು ಕೈ ಎಲ್ಲಿಗೆ ಎಟುಕುತ್ತೆ ನೋಡಿ

ಬಸ್ಸಲ್ಲಿ ಕೂತಿದ್ದೀರೋ, ಮೆಟ್ರೋದಲ್ಲಿ ನೇತಾಡ್ತಿದ್ದೀರೋ, ರಾತ್ರಿ ದೀಪ ಆರಿಸಿ ಮಲಗಿದ್ದೀರೋ, ಎಲ್ಲೇ ಇರಿ. ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ.

ಸ್ಕೈಡೈವಿಂಗ್ ರೀಲ್ಸ್ ನೋಡೇ ನೋಡಿರ್ತೀರಿ. ಮೊದಲ ಸಲ ಜಂಪ್ ಮಾಡ್ತಿರೋ ಹುಡುಗಿ, ಬೆನ್ನಿಗೆ ಕಟ್ಟಿಕೊಂಡಿರೋ ಇನ್‌ಸ್ಟ್ರಕ್ಟರ್, ಗಾಳಿಗೆ ಪಟಪಟ ಅಂತ ಅಲ್ಲಾಡೋ ಕೆನ್ನೆ, ಕ್ಯಾಮೆರಾಗೆ ಒಂದು ಥಂಬ್ಸ್ ಅಪ್. ಆ ಕ್ಯಾಮೆರಾ ಎಲ್ಲಿದೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಡ್ರೋನ್ ಅಂದ್ಕೊಂಡ್ರಾ? ಅದು ಇನ್ನೊಬ್ಬ ಮನುಷ್ಯನ ಹೆಲ್ಮೆಟ್ ಮೇಲಿದೆ. ಆ ಮನುಷ್ಯನೂ ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಬೀಳ್ತಿದ್ದಾನೆ. ಬೀಳ್ತಾ ಬೀಳ್ತಾ ಫ್ರೇಮ್ ಸರಿಮಾಡ್ತಿದ್ದಾನೆ.

ನನ್ನ ವಿಷಯ ಹೊಸ ಕೇಳುಗರಿಗೆ ಚಿಕ್ಕದಾಗಿ ಹೇಳ್ತೀನಿ. ಊರು ತುಮಕೂರು, ಓದಿದ್ದು ಬಿ.ಕಾಂ. ನಾಲ್ಕು ವರ್ಷ ದುಬೈನಲ್ಲಿ ಒಂದು ಕಂಪನಿಯ ಲೆಕ್ಕ ಬರೆದೆ. ಅಲ್ಲಿ ರಜಾ ದಿನ ಬಂತು ಅಂದ್ರೆ ಬೇರೆಯವರು ಮಾಲ್‌ಗೆ ಹೋಗ್ತಿದ್ರು, ನಾನು ಮರುಭೂಮಿಯ ಡ್ರಾಪ್‌ಜೋನ್‌ಗೆ. ಸಂಬಳ ಎಲ್ಲಿ ಹೋಗ್ತಿದೆ ಅಂತ ಅಮ್ಮ ಕೇಳಿದಾಗೆಲ್ಲ ‘ಸೇವಿಂಗ್ಸ್’ ಅಂತಿದ್ದೆ. 240 ಜಂಪ್ ಆದ ಮೇಲೆ ಬೆಂಗಳೂರಿಗೆ ವಾಪಸ್ ಬಂದೆ. ಈಗ ನಿಮ್ಮ ಕಿವಿಯಲ್ಲಿದ್ದೀನಿ.

ಇವತ್ತು ಕ್ಯಾಮೆರಾ ಬಗ್ಗೆ ಮಾತಾಡಲ್ಲ. ಅದಕ್ಕೆ ಯೂಟ್ಯೂಬ್ ತುಂಬಾ ವಿಡಿಯೊ ಇವೆ. ಕ್ಯಾಮೆರಾ ಹೊತ್ತೋನು ಹಾಕೋ ಬಟ್ಟೆ ಬಗ್ಗೆ ಮಾತಾಡ್ತೀನಿ. ಜಂಪ್‌ಸೂಟ್. ತಪ್ಪು ಸೂಟ್ ತಗೊಂಡು ನಾನು ಒಂದು ಸಲ ಸಿಕ್ಕಾಕ್ಕೊಂಡಿದ್ದೀನಿ. ಆ ಕಥೆ ಆಮೇಲೆ ಬರುತ್ತೆ.

ಮೊದಲು ಲೆಕ್ಕ

ಹೊಟ್ಟೆ ಕೆಳಗೆ ಮಾಡಿ, ಕೈಕಾಲು ಚಾಚಿ ಬಿದ್ರೆ ಹತ್ತು ಹನ್ನೆರಡು ಸೆಕೆಂಡಿನಲ್ಲಿ ನಮ್ಮ ವೇಗ 190–200 ಕಿ.ಮೀ. ಹತ್ತಿರ ಬಂದು ಅಲ್ಲೇ ನಿಂತುಬಿಡುತ್ತೆ. ಕೆಳಗೆ ಎಳೆಯೋದು ನಮ್ಮ ತೂಕ, ಮೇಲಕ್ಕೆ ತಳ್ಳೋದು ಗಾಳಿ. ಎರಡೂ ಸಮ ಆದ ಮೇಲೆ ವೇಗ ಏರಲ್ಲ. ಡೆಬಿಟ್ಟು, ಕ್ರೆಡಿಟ್ಟು ಟ್ಯಾಲಿ ಆದ ಹಾಗೆ.

ಆಕಾಶದಲ್ಲಿ ತೂಕ ಬದಲಾಯಿಸೋಕೆ ಆಗಲ್ಲ. ಗಾಳಿಗೆ ಎಷ್ಟು ಮೈ ಕೊಡ್ತೀವಿ ಅನ್ನೋದು ಮಾತ್ರ ನಮ್ಮ ಕೈಲಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಹಾಗಾಗಿ ಗಾಳಿಗೆ ಸಿಗೋ ವಿಸ್ತೀರ್ಣ 10% ಹೆಚ್ಚಾದ್ರೆ ವೇಗ ಸುಮಾರು 5% ಕಮ್ಮಿ ಆಗುತ್ತೆ. 195ರಲ್ಲಿ ಬೀಳೋನು 186ಕ್ಕೆ ಬರ್ತಾನೆ.

ಬರೀ 9 ಕಿ.ಮೀ. ತಾನೆ ಅಂತೀರಾ? ಸೆಕೆಂಡಿಗೆ ಎರಡೂವರೆ ಮೀಟರ್. 40 ಸೆಕೆಂಡಿಗೆ 100 ಮೀಟರ್. ಐದು ಕ್ರಿಕೆಟ್ ಪಿಚ್ ಸಾಲಾಗಿ ನಿಲ್ಲಿಸಿದಷ್ಟು. ನೀವು ಶೂಟ್ ಮಾಡಬೇಕಾದ ಮನುಷ್ಯ ಅಷ್ಟು ಕೆಳಗೆ ಹೋದ್ರೆ ವಿಡಿಯೊದಲ್ಲಿ ಅವನು ಸಾಸಿವೆ ಕಾಳು.

13,000 ಅಡಿಯಿಂದ ಹಾರಿದ್ರೆ ಫ್ರೀಫಾಲ್ ಸಿಗೋದು ಸುಮಾರು ಒಂದು ನಿಮಿಷ. ಆ ಒಂದು ನಿಮಿಷ ಬೇರೆಯವರ ವೇಗಕ್ಕೆ ನಮ್ಮ ವೇಗ ಹೊಂದಿಸೋದೇ ಕ್ಯಾಮೆರಾ ಫ್ಲೈಯರ್ ಕೆಲಸ. ಅದಕ್ಕೆ ಅವನ ಹತ್ತಿರ ಇರೋ ದೊಡ್ಡ ಸಾಧನ ಬಟ್ಟೆ.

ಕ್ಯಾಮೆರಾ ಸೂಟ್‌ನಲ್ಲಿ ಕಂಕುಳ ಕೆಳಗೆ, ಮಣಿಕಟ್ಟಿನಿಂದ ಸೊಂಟದವರೆಗೆ ಒಂದು ತ್ರಿಕೋನದ ಬಟ್ಟೆ ಹೊಲಿದಿರ್ತಾರೆ. ಬಾವಲಿಯ ರೆಕ್ಕೆ ಥರ. ಇದನ್ನ ವಿಂಗ್‌ಸೂಟ್ ಜೊತೆ ಕನ್‌ಫ್ಯೂಸ್ ಮಾಡ್ಕೋಬೇಡಿ. ವಿಂಗ್‌ಸೂಟ್‌ನಲ್ಲಿ ಕಾಲಿನ ಮಧ್ಯವೂ ರೆಕ್ಕೆ ಇರುತ್ತೆ, ಅದು ಮುಂದಕ್ಕೆ ಹಾರೋಕೆ. ಇದು ವೇಗ ಹೆಚ್ಚು ಕಮ್ಮಿ ಮಾಡೋಕೆ. ಕೈ ಚಾಚಿದ್ರೆ ರೆಕ್ಕೆ ಬಿಚ್ಚುತ್ತೆ, ನಿಧಾನ ಆಗ್ತೀವಿ. ಕೈ ಮಡಚಿದ್ರೆ ರೆಕ್ಕೆ ಮುಚ್ಚುತ್ತೆ, ಕೆಳಗೆ ಇಳೀತೀವಿ. ಬ್ರೇಕು, ಆಕ್ಸಿಲರೇಟರು ಎರಡೂ ತೋಳಲ್ಲೇ.

ಹಾಗಾದ್ರೆ ದೊಡ್ಡ ರೆಕ್ಕೆ ಇದ್ದಷ್ಟೂ ಒಳ್ಳೇದಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ.

ಯಾರನ್ನ ಶೂಟ್ ಮಾಡ್ತೀರಿ?

ಅಂಗಡಿಗೆ ಹೋಗಿ ‘ಒಂದು ಕ್ಯಾಮೆರಾ ಸೂಟ್ ಕೊಡಿ’ ಅಂತ ಕೇಳೋದು, ಟೈಲರ್ ಹತ್ತಿರ ‘ಒಂದು ಬಟ್ಟೆ ಹೊಲಿದುಕೊಡಿ’ ಅಂದ ಹಾಗೆ. ಮದುವೆಗಾ, ಗದ್ದೆಗಾ? ಮೂರು ಥರದ ಕೆಲಸ ಇದೆ.

ಒಂದು, ಟ್ಯಾಂಡಮ್. ಮೊದಲ ಸಲ ಹಾರೋರು ಇನ್‌ಸ್ಟ್ರಕ್ಟರ್ ಎದೆಗೆ ಕಟ್ಟಿಕೊಂಡು ಹಾರೋದು. ನಮ್ಮ ಮೈಸೂರಲ್ಲಿ, ಹರಿಯಾಣದ ನಾರ್ನೌಲ್‌ನಲ್ಲಿ ಜನ ಹೆಚ್ಚಾಗಿ ಮಾಡಿರೋದು ಇದನ್ನೇ. ಇಬ್ಬರ ತೂಕ ಒಂದೇ ಪ್ಯಾರಾಚೂಟ್‌ಗೆ. ಸುಮ್ಮನೆ ಬಿಟ್ಟರೆ ತುಂಬಾ ವೇಗವಾಗಿ ಬೀಳ್ತಾರೆ. ಅದಕ್ಕೆ ಇನ್‌ಸ್ಟ್ರಕ್ಟರ್ ಹಾರಿದ ಸ್ವಲ್ಪ ಹೊತ್ತಿಗೇ ಡ್ರೋಗ್ ಅನ್ನೋ ಪುಟ್ಟ ಪ್ಯಾರಾಚೂಟ್ ಹಿಂದಕ್ಕೆ ಬಿಡ್ತಾರೆ. ಅದು ಅವರನ್ನ ಒಬ್ಬ ಮನುಷ್ಯ ಬೀಳೋ ವೇಗಕ್ಕೆ ತರುತ್ತೆ.

ಇಲ್ಲಿ ಕ್ಯಾಮೆರಾದವನ ಕಷ್ಟ ನೋಡಿ. ವಿಮಾನದ ಬಾಗಿಲ ಹೊರಗೆ ನೇತಾಡ್ಕೊಂಡು ಕಾಯ್ತಿರ್ತಾನೆ. ಅವರು ಹಾರಿದ ಕ್ಷಣಕ್ಕೆ ಇವನೂ ಬಿಡ್ತಾನೆ. ಡ್ರೋಗ್ ಬಿಚ್ಚಿದ ತಕ್ಷಣ ಅವರು ನಿಧಾನ ಆಗ್ತಾರೆ. ಇವನು ರೆಕ್ಕೆ ಬಿಚ್ಚಲಿಲ್ಲ ಅಂದ್ರೆ ಕೆಳಗೆ ಜಾರಿ ಹೋಗ್ತಾನೆ, ವಿಡಿಯೊದಲ್ಲಿ ಬರೀ ಶೂ. ಬೆಳಿಗ್ಗೆ 55 ಕೆ.ಜಿ. ಹುಡುಗಿ, ಮಧ್ಯಾಹ್ನ 95 ಕೆ.ಜಿ. ಅಂಕಲ್, ಎರಡಕ್ಕೂ ಹೊಂದಬೇಕು. ಅಂಥವನಿಗೆ ಮಧ್ಯಮ ಅಥವಾ ದೊಡ್ಡ ರೆಕ್ಕೆ ಬೇಕು. ದಿನಕ್ಕೆ ಎಷ್ಟೋ ಸಲ ಹಾಕಿ ತೆಗೆಯೋ ಬಟ್ಟೆ, ಹಾಗಾಗಿ ಗಟ್ಟಿ ಜಿಪ್ಪು, ಮಂಡಿ ಮತ್ತು ಕೂರೋ ಜಾಗಕ್ಕೆ ದಪ್ಪ ಬಟ್ಟೆಯ ತೇಪೆ ಇರಬೇಕು.

ಎರಡು, ಫಾರ್ಮೇಶನ್. ನಾಲ್ಕು ಜನ ಆಕಾಶದಲ್ಲಿ ಕೈಕಾಲು ಹಿಡಿದು ಒಂದಾದ ಮೇಲೊಂದು ಆಕೃತಿ ಮಾಡೋ ಸ್ಪರ್ಧೆ. ಫೋರ್-ವೇ ಅಂತಾರೆ. 35 ಸೆಕೆಂಡಿನಲ್ಲಿ ಎಷ್ಟು ಆಕೃತಿ ಮಾಡಿದ್ರು ಅನ್ನೋದೇ ಅಂಕ. ಜಡ್ಜ್‌ಗಳು ನೆಲದ ಮೇಲೆ ಕೂತು ವಿಡಿಯೊ ನೋಡಿ ಎಣಿಸ್ತಾರೆ. ಕೈ ಹಿಡಿದಿದ್ದು ವಿಡಿಯೊದಲ್ಲಿ ಕಾಣಲಿಲ್ಲ ಅಂದ್ರೆ ಅದಕ್ಕೆ ಅಂಕ ಸಿಗಲ್ಲ. ಅಂದ್ರೆ ಕ್ಯಾಮೆರಾದವನು ತಂಡದ ಐದನೇ ಆಟಗಾರ. ಗೆದ್ದರೆ ಮೆಡಲ್ ಅವನಿಗೂ ಇದೆ.

ಅವನು ತಂಡದ ಮೇಲೆ, ಸ್ವಲ್ಪ ಪಕ್ಕಕ್ಕೆ ಇದ್ದು ಕೆಳಗೆ ನೋಡಬೇಕು. ಸರಿಯಾಗಿ ನೆತ್ತಿ ಮೇಲೆ ಹೋದ್ರೆ ಕೆಟ್ಟ. ಯಾಕೆ? ಬೀಳ್ತಿರೋ ಜನರ ಮೇಲ್ಗಡೆ ಗಾಳಿ ಚದುರಿ ಹೋಗಿರುತ್ತೆ. ಇಂಗ್ಲಿಷ್‌ನಲ್ಲಿ ಬರ್ಬಲ್ ಅಂತಾರೆ. ಆ ಜಾಗಕ್ಕೆ ಹೋದ್ರೆ ನಿಮ್ಮನ್ನ ಹಿಡಿದಿಡೋ ಗಾಳಿಯೇ ಇಲ್ಲ, ಕಲ್ಲು ಬಿದ್ದ ಹಾಗೆ ತಂಡದ ಬೆನ್ನ ಮೇಲೆ ಬೀಳ್ತೀರಿ. ಅಂಚಲ್ಲಿ ನಿಂತು, ಜಾರದೆ, ಅಲ್ಲಾಡದೆ ಇರೋಕೆ ತಕ್ಷಣ ಮಾತು ಕೇಳೋ ರೆಕ್ಕೆ ಬೇಕು. ಆದ್ರೆ ತಂಡದವರು ಬಿಗಿಯಾದ ಸೂಟ್ ಹಾಕಿ, ಕೆಲವರು ತೂಕದ ಬೆಲ್ಟ್ ಕೂಡ ಕಟ್ಟಿ, ವೇಗವಾಗಿ ಬೀಳ್ತಿರ್ತಾರೆ. ರೆಕ್ಕೆ ಅತಿ ದೊಡ್ಡದಾದ್ರೆ ನೀವು ಬೀಳೋಕೇ ಆಗಲ್ಲ, ಮೇಲೆ ತೇಲ್ತಾ ಇರ್ತೀರಿ.

ಮೂರು, ಫ್ರೀಫ್ಲೈ. ತಲೆ ಕೆಳಗೆ ಮಾಡಿ, ಕೂತ ಭಂಗಿಯಲ್ಲಿ, ನಿಂತ ಭಂಗಿಯಲ್ಲಿ ಬೀಳೋದು. ತಲೆ ಕೆಳಗಾದ್ರೆ ವೇಗ 240 ಕಿ.ಮೀ. ದಾಟುತ್ತೆ. ಇಲ್ಲಿ ರೆಕ್ಕೆಯ ಮಾತೇ ಬೇಡ. ಅಷ್ಟು ವೇಗದಲ್ಲಿ ಅದು ತೋಳನ್ನ ಕಿತ್ತು ಎಳೆಯುತ್ತೆ. ಮೈಗೆ ಹೊಂದೋ ಗಟ್ಟಿ ಸೂಟ್ ಸಾಕು.

ಇನ್ನೊಂದು ಜಾತಿ ಇದೆ, ಸಿನಿಮಾದವರು. ‘ಮಿಷನ್ ಇಂಪಾಸಿಬಲ್: ಫಾಲೌಟ್’ನಲ್ಲಿ ಟಾಮ್ ಕ್ರೂಸ್ 25,000 ಅಡಿಯಿಂದ ಹಾರೋ ಸೀನ್ ನೆನಪಿದೆಯಾ? ಯುಎಇ ಆಕಾಶದಲ್ಲೇ ಶೂಟ್ ಆಗಿದ್ದು. ಕ್ರೇಗ್ ಒ’ಬ್ರಯನ್ ಅನ್ನೋ ಕ್ಯಾಮೆರಾ ಫ್ಲೈಯರ್ ಹೆಲ್ಮೆಟ್ ಮೇಲೆ ಸಿನಿಮಾ ಕ್ಯಾಮೆರಾ ಹೊತ್ತು, ವಿಮಾನದಿಂದ ಹಿಮ್ಮುಖವಾಗಿ ಹಾರಿ ಅದನ್ನ ತೆಗೆದರು. ಆ ಸೀನ್‌ಗೆ ನೂರಕ್ಕೂ ಹೆಚ್ಚು ಸಲ ಹಾರಿದ್ದಾರೆ. ಥಿಯೇಟರ್‌ನಲ್ಲಿ ನಾವು ಶಿಳ್ಳೆ ಹೊಡೆದಿದ್ದು ಟಾಮ್‌ಗೆ.

ಬಟ್ಟೆ, ಅಳತೆ

ಯಾವ ಕೆಲಸ ಅಂತ ಗೊತ್ತಾದ ಮೇಲೆ ನಿಮ್ಮ ಮೈ ನೋಡಿ. ತೂಕ ಜಾಸ್ತಿ, ಗಿಡ್ಡ ದೇಹ ಇದ್ರೆ ಸಹಜವಾಗಿ ಬೇಗ ಬೀಳ್ತೀರಿ. ಸ್ವಲ್ಪ ದೊಡ್ಡ ರೆಕ್ಕೆ, ಸಡಿಲ ಕಾಲು, ಕಾಟನ್ ಮಿಶ್ರಿತ ಬಟ್ಟೆ ತಗೊಳ್ಳಿ. ಅದು ಗಾಳಿಯನ್ನ ಹಿಡಿಯುತ್ತೆ. ಸಣ್ಣಗೆ ಉದ್ದಕ್ಕೆ ಇದ್ರೆ ನಿಧಾನ ಬೀಳ್ತೀರಿ. ಮೈಗೆ ನುಣುಪಾದ ನೈಲಾನ್, ಬಿಗಿ ಕಾಲು, ಚಿಕ್ಕ ರೆಕ್ಕೆ. ನೈಲಾನ್ ಮೇಲೆ ಗಾಳಿ ಜಾರಿ ಹೋಗುತ್ತೆ.

ರೆಕ್ಕೆಯ ಬಟ್ಟೆಯಲ್ಲೂ ಎರಡು ಥರ. ಒಂದು ಗಾಳಿಯನ್ನ ಸ್ವಲ್ಪವೂ ಒಳಗೆ ಬಿಡಲ್ಲ. ತುಂಬಾ ಶಕ್ತಿ, ಆದ್ರೆ ಕೈ ಒಂದಿಂಚು ಸರಿದ್ರೂ ದೇಹ ಹಾರುತ್ತೆ, ವಿಡಿಯೊ ಕುಲುಕುತ್ತೆ. ಇನ್ನೊಂದು ಸ್ವಲ್ಪ ಗಾಳಿ ಸೋರಲು ಬಿಡುತ್ತೆ. ಸೌಮ್ಯ ಸ್ವಭಾವ. ಹೊಸಬರಿಗೆ ಎರಡನೇದೇ ಸರಿ.

ಅಳತೆ ಕೊಡೋವಾಗ ಒಂದು ಮಾತು. ಪ್ರತಿ 1,000 ಅಡಿಗೆ ಉಷ್ಣಾಂಶ ಸುಮಾರು 2 ಡಿಗ್ರಿ ಇಳಿಯುತ್ತೆ. 13,000 ಅಡಿಯಲ್ಲಿ ನೆಲಕ್ಕಿಂತ 25 ಡಿಗ್ರಿ ಕಮ್ಮಿ. ಒಳಗೆ ಸ್ವೆಟರ್ ಹಾಕೋರು ಸ್ವೆಟರ್ ಹಾಕ್ಕೊಂಡೇ ಅಳತೆ ಕೊಡಿ.

ಹೊಸದಾಗಿ ಹೊಲಿಸಿದ್ರೆ ನೂರಾರು ಡಾಲರ್ ಖರ್ಚು, ವಾರಗಟ್ಟಲೆ ಕಾಯಬೇಕು. ಅರ್ಧ ರೇಟಿಗೆ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಬಿ.ಕಾಂ. ಬುದ್ಧಿ ಎಲ್ಲಿ ಬಿಡ್ತೀನಿ ನಾನು?

ನನ್ನ 212ನೇ ಜಂಪ್

ಊರು ಬಿಟ್ಟು ಹೋಗ್ತಿದ್ದ ಒಬ್ಬರ ಹತ್ತಿರ ಒಂದು ಕ್ಯಾಮೆರಾ ಸೂಟ್ ತಗೊಂಡೆ. ಕಪ್ಪು ಮೈ, ಕೆಂಪು ರೆಕ್ಕೆ. ಅವರು ಆರಡಿ, ನಾನು ಐದಡಿ ಐದಿಂಚು. ಕನ್ನಡಿ ಮುಂದೆ ನಿಂತು ರೆಕ್ಕೆ ಬಿಚ್ಚಿ ಸೆಲ್ಫಿ ತಗೊಂಡೆ. ಸೂಪರ್ ಆಗಿ ಕಂಡಿತು. ಸ್ಟೇಟಸ್ ಹಾಕಿದೆ.

ಡ್ರಾಪ್‌ಜೋನ್‌ನಲ್ಲಿ ಪ್ಯಾರಾಚೂಟ್ ಪ್ಯಾಕ್ ಮಾಡ್ತಿದ್ದ ಮಂಗಳೂರಿನ ಅಣ್ಣ ಒಬ್ಬರಿದ್ರು. ನನ್ನ ನೋಡಿ, “ಎಂತ ಮಾರಾಯ, ಅಪ್ಪನ ಅಂಗಿ ಹಾಕಿದ ಹಾಗೆ ಉಂಟಲ್ಲ?” ಅಂದ್ರು. “ಗಾಳಿ ತುಂಬಿದ್ರೆ ಸರಿ ಹೋಗುತ್ತೆ ಅಣ್ಣ” ಅಂತ ನಕ್ಕೆ. “ಒಮ್ಮೆ ರಿಗ್ ಹಾಕಿ ಹ್ಯಾಂಡಲ್ ಮುಟ್ಟಿ ನೋಡು” ಅಂದ್ರು. ವಿಮಾನಕ್ಕೆ ಕರೆದುಬಿಟ್ಟಿದ್ರು. ಓಡಿದೆ.

ಅವತ್ತು ಗೆಳೆಯನ 100ನೇ ಜಂಪ್. ನಾನೇ ಶೂಟ್ ಮಾಡ್ತೀನಿ ಅಂತ ಮಾತು ಕೊಟ್ಟಿದ್ದೆ. ಹಾರಿದ್ವಿ. ಹತ್ತು ಸೆಕೆಂಡ್ ಚೆನ್ನಾಗಿತ್ತು. ಆಮೇಲೆ ಅವನು ಕೆಳಗೆ ಕೆಳಗೆ ಹೋಗ್ತಿದ್ದಾನೆ, ನಾನು ಮೇಲೆ ಗಾಳಿಪಟ. ಕೈ ಮಡಚಿದೆ, ಕಾಲು ಮಡಚಿದೆ, ಆ ರೆಕ್ಕೆ ಪೂರ್ತಿ ಮುಚ್ಚಲೇ ಇಲ್ಲ. ತೋಳಿಗಿಂತ ಬಟ್ಟೆ ಉದ್ದ ಇತ್ತು. ನನ್ನ ಗಮನವೆಲ್ಲ ಅವನನ್ನ ಫ್ರೇಮಲ್ಲಿ ಇಡೋದರ ಮೇಲೆ.

4,000 ಅಡಿ. ಪ್ಯಾರಾಚೂಟ್ ತೆಗೆಯೋ ಹೊತ್ತು. ಅದರ ಹ್ಯಾಂಡಲ್ ಬೆನ್ನಿನ ಚೀಲದ ತಳದಲ್ಲಿ, ಬಲಗಡೆ ಇರುತ್ತೆ. ಬಲಗೈ ಹಿಂದಕ್ಕೆ ಹಾಕಿದೆ. ಕೈಗೆ ಬಟ್ಟೆ ಸಿಕ್ತು. ಮಡಚಿದ ರೆಕ್ಕೆ ಮುದ್ದೆಯಾಗಿ ಹ್ಯಾಂಡಲ್ ಮೇಲೆ ಕೂತಿತ್ತು. ಎರಡನೇ ಸಲ ಹಾಕಿದೆ. ಮತ್ತೆ ಬಟ್ಟೆ. ಅಷ್ಟರಲ್ಲಿ ಬಲ ರೆಕ್ಕೆ ಖಾಲಿ, ಎಡ ರೆಕ್ಕೆ ಇನ್ನೂ ಗಾಳಿ ತುಂಬಿಕೊಂಡಿದೆ. ದೇಹ ಬಲಕ್ಕೆ ವಾಲಿ ತಿರುಗೋಕೆ ಶುರು ಆಯ್ತು. ಮೂರನೇ ಸಲಕ್ಕೆ ಬಟ್ಟೆ ಸರಿಸಿ ಹಿಡಿದು ಎಳೆದೆ.

ನಾಲ್ಕು ಸೆಕೆಂಡ್ ಆಗಿರಬಹುದು. ಸೆಕೆಂಡಿಗೆ 55 ಮೀಟರ್ ಲೆಕ್ಕದಲ್ಲಿ 220 ಮೀಟರ್. ಪ್ಯಾರಾಚೂಟ್ ಬಿಚ್ಚಿತು, ಆದ್ರೆ ನಾನು ತಿರುಗ್ತಾ ಇದ್ದಿದ್ದಕ್ಕೆ ಹಗ್ಗಗಳು ಜಡೆ ಹೆಣೆದ ಹಾಗೆ ಸುತ್ತಿಕೊಂಡವು. ಕಾಲು ಒದ್ದು ಒದ್ದು ಬಿಡಿಸಿಕೊಂಡೆ. ನೆಟ್ಟಗಾದಾಗ ನೋಡ್ತೀನಿ, 2,500 ಅಡಿಗಿಂತ ಕೆಳಗಿದ್ದೆ.

ಬದುಕೋಕೆ ಅಷ್ಟು ಎತ್ತರ ಸಾಕು. ನಮ್ಮ ರಿಗ್‌ನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇರುತ್ತೆ, ಸುಮಾರು 750 ಅಡಿಯಲ್ಲೂ ನಾವು ಫ್ರೀಫಾಲ್ ವೇಗದಲ್ಲೇ ಇದ್ರೆ ಅದೇ ರಿಸರ್ವ್ ಬಿಚ್ಚುತ್ತೆ. ಆದ್ರೆ ಅದನ್ನ ನಂಬಿ ಯಾರೂ ಹಾರಬಾರದು. ನಾನು ಇನ್ನೂ ಒಂದು ತಪ್ಪು ಮಾಡಿದ್ದೆ. ನಮಗೆ ಕಲಿಸೋದು ಹೀಗೆ: ಎರಡು ಸಲ ಪ್ರಯತ್ನ ಮಾಡು, ಸಿಗಲಿಲ್ಲವಾ, ನೇರ ರಿಸರ್ವ್. ನಾನು ಮೂರನೇ ಸಲ ಹುಡುಕಿದೆ. ಕೈಗೆ ಸಿಕ್ತು ಅನ್ನೋ ಕಾರಣಕ್ಕೆ ಅದು ಸರಿ ಆಗಲ್ಲ.

ಕ್ಯಾಮೆರಾ ತಲೆ ಮೇಲೆ ಬಂದ ತಕ್ಷಣ ಗಮನ ಕದಿಯುತ್ತೆ. 1988ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, 800ಕ್ಕೂ ಹೆಚ್ಚು ಜಂಪ್ ಮಾಡಿದ್ದ ಅನುಭವಿಯೊಬ್ಬರು ಒಬ್ಬ ವಿದ್ಯಾರ್ಥಿಯ ಜಂಪ್ ಶೂಟ್ ಮಾಡೋಕೆ ವಿಮಾನದಿಂದ ಹಾರಿದರು. ಅವರ ಬೆನ್ನ ಮೇಲೆ ಪ್ಯಾರಾಚೂಟ್ ಇರಲೇ ಇಲ್ಲ. ಕ್ಯಾಮೆರಾ ಇತ್ತು. ಅವರು ಬದುಕಲಿಲ್ಲ. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ, ಕನಿಷ್ಠ 200 ಜಂಪ್ ಆಗೋವರೆಗೆ ಕ್ಯಾಮೆರಾ ಹಾಕಬೇಡಿ ಅನ್ನೋದು ಇದಕ್ಕೇ. ಬೇರೆ ಕೆಲಸವೆಲ್ಲ ಕೈಗೆ ಅಭ್ಯಾಸ ಆಗಿದ್ರೆ ಮಾತ್ರ ಕಣ್ಣನ್ನ ಕ್ಯಾಮೆರಾಗೆ ಕೊಡಬಹುದು. ನನಗೆ 212 ಆಗಿತ್ತು. ಆದ್ರೆ ಆ ಸೂಟ್‌ನಲ್ಲಿ ನನ್ನದು ಮೊದಲನೇ ಜಂಪ್. ಆ ಲೆಕ್ಕ ನಾನು ಹಾಕಿರಲಿಲ್ಲ.

ಮಾವನ ಟೈಲರ್ ಅಂಗಡಿ

ತುಮಕೂರಲ್ಲಿ ನಮ್ಮ ಸೋದರಮಾವನ ಟೈಲರಿಂಗ್ ಅಂಗಡಿ ಇತ್ತು. ಹಬ್ಬಕ್ಕೆ ಶರ್ಟ್ ಹೊಲಿದರೆ, ಹಾಕಿಸಿ, “ಕೈ ಮೇಲೆತ್ತೋ. ಈಗ ಬಗ್ಗು. ಕೂತ್ಕೋ” ಅಂತಿದ್ರು. ಕನ್ನಡಿ ಆಮೇಲೆ. “ನಿಂತ್ಕೊಂಡ್ರೆ ಎಲ್ಲಾ ಬಟ್ಟೆನೂ ಚೆನ್ನಾಗೇ ಕಾಣುತ್ತೆ ಕಣೋ” ಅನ್ನೋರು. ಆ ದಿನ ಲ್ಯಾಂಡ್ ಆಗಿ ಮರಳಲ್ಲಿ ಕೂತಾಗ ನನಗೆ ನೆನಪಾಗಿದ್ದು ಅದೇ.

ಹಾಗಾಗಿ ನನ್ನ ಸಲಹೆ ಮಾವನ ಕ್ರಮದಲ್ಲೇ ಹೇಳ್ತೀನಿ. ಸೂಟ್ ಹಾಕಿ, ಅದರ ಮೇಲೆ ರಿಗ್ ಹಾಕಿ, ಎಲ್ಲಾ ಪಟ್ಟಿ ಬಿಗಿ ಮಾಡಿ, ಹೆಲ್ಮೆಟ್ ಕೂಡ. ಕಣ್ಣು ಮುಚ್ಚಿ.

ಬಲಗೈ ಹಿಂದೆ, ಪ್ಯಾರಾಚೂಟ್ ಹ್ಯಾಂಡಲ್. ಹತ್ತು ಸಲ. ಹತ್ತಕ್ಕೆ ಹತ್ತು ಸಲವೂ ಬಟ್ಟೆ ಅಡ್ಡ ಬರದೆ ಸಿಗಬೇಕು. ಒಂಬತ್ತು ಆದ್ರೆ ಆ ಸೂಟ್ ಬೇಡ.

ಎದೆಯ ಬಲಗಡೆ ಕಟ್‌ಅವೇ ಹ್ಯಾಂಡಲ್, ಎಡಗಡೆ ರಿಸರ್ವ್ ಹ್ಯಾಂಡಲ್. ಬಗ್ಗಿ ನೋಡಿದ್ರೆ ಎರಡೂ ಕಣ್ಣಿಗೆ ಕಾಣಬೇಕು. ಸಡಿಲ ಬಟ್ಟೆ ಅವುಗಳ ಮೇಲೆ ಉಬ್ಬಿ ಬರಬಾರದು.

ಎರಡೂ ಕೈ ತಲೆ ಮೇಲೆ ಪೂರ್ತಿ ಎತ್ತಿ. ಪ್ಯಾರಾಚೂಟ್ ನಡೆಸೋ ಹಿಡಿಗಳು ಅಲ್ಲಿರುತ್ತವೆ. ರೆಕ್ಕೆ ಕೈಯನ್ನ ಅರ್ಧಕ್ಕೇ ಎಳೆದು ನಿಲ್ಲಿಸಿದ್ರೆ, ಫ್ರೀಫಾಲ್ ಎಷ್ಟೇ ಚೆನ್ನಾಗಿರಲಿ, ನೆಲದ ಹತ್ತಿರ ಕಷ್ಟ.

ತೋಳು ಪೂರ್ತಿ ಮಡಚಿ. ರೆಕ್ಕೆ ಮುಚ್ಚುತ್ತಾ ನೋಡಿ. ಎಷ್ಟು ಬಿಚ್ಚುತ್ತೆ ಅನ್ನೋದನ್ನ ಎಲ್ಲರೂ ನೋಡ್ತಾರೆ, ಎಷ್ಟು ಮುಚ್ಚುತ್ತೆ ಅಂತ ಯಾರೂ ನೋಡಲ್ಲ.

ಇಷ್ಟು ಪಾಸ್ ಆದ ಮೇಲೆ ಬಣ್ಣ ನೋಡಿ, ರೇಟ್ ನೋಡಿ, ಸೆಲ್ಫಿ ತಗೊಳ್ಳಿ. ಹೊಸ ಸೂಟ್‌ನಲ್ಲಿ ಮೊದಲ ಕೆಲವು ಜಂಪ್ ಕ್ಯಾಮೆರಾ ಇಲ್ಲದೆ, ಒಬ್ಬರೇ ಹಾರಿ. ಮೇಲೆ ಸ್ವಲ್ಪ ಬೇಗನೆ, ಎತ್ತರದಲ್ಲೇ ಹ್ಯಾಂಡಲ್ ಮುಟ್ಟಿ ಮುಟ್ಟಿ ಅಭ್ಯಾಸ ಮಾಡಿ. ಎಳೆಯೋವಾಗ ಎಡಗೈಯನ್ನೂ ತಲೆ ಮುಂದಕ್ಕೆ ತನ್ನಿ, ಎಡ ರೆಕ್ಕೆ ಖಾಲಿ ಆಗುತ್ತೆ, ದೇಹ ವಾಲಲ್ಲ.

ಆ ಕೆಂಪು ರೆಕ್ಕೆಯ ಸೂಟ್ ಏನಾಯ್ತು ಅಂತೀರಾ? ನನ್ನ ಎತ್ತರದವರು ಇಬ್ಬರು ಕೇಳಿದ್ರು, ಕೊಡಲಿಲ್ಲ. ಕೊನೆಗೆ ಒಬ್ಬ ಎತ್ತರದ ಹುಡುಗನಿಗೆ, ಮಂಗಳೂರಿನ ಅಣ್ಣನ ಎದುರು ರಿಗ್ ಹಾಕಿಸಿ, ಹತ್ತು ಸಲ ಮುಟ್ಟಿಸಿ ಕೊಟ್ಟೆ. ಕೊಂಡಿದ್ದಕ್ಕಿಂತ ಕಮ್ಮಿಗೆ. ನಾನು ಕಾಯ್ದು, ನನ್ನ ಅಳತೆಗೆ ಚಿಕ್ಕ ರೆಕ್ಕೆಯದು ಹೊಲಿಸಿಕೊಂಡೆ. ಅರ್ಧ ದುಡ್ಡು ಉಳಿಸೋಕೆ ಹೋಗಿ ಒಂದೂವರೆ ಸೂಟ್ ದುಡ್ಡು ಖರ್ಚಾಯ್ತು. ಆ ನಾಲ್ಕು ಸೆಕೆಂಡ್ ಯಾವ ಕಾಲಂಗೆ ಬರೀಬೇಕು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಗಿಸೋ ಮುಂಚೆ ಒಂದು ಬಾಕಿ ಇದೆ. ಆ ದಿನದ ವಿಡಿಯೊ ಅಕ್ಕನಿಗೆ ಕಳಿಸಿದ್ದೆ. ಅವಳು ಫೋನ್ ಮಾಡಿ, “ಎಲ್ಲಾ ಚೆನ್ನಾಗಿದೆ ಕಣೋ, ಆದ್ರೆ ಕೊನೇಲಿ ಭೂಮಿ ಯಾಕೆ ಹಂಗೆ ಓರೆ ಆಗಿ ಸುತ್ತುತ್ತೆ?” ಅಂದ್ಲು. “ಎಡಿಟಿಂಗ್ ಎಫೆಕ್ಟ್ ಅಕ್ಕ” ಅಂದೆ. “ಓಹೋ” ಅಂದ್ಲು. ಅಷ್ಟೇ.

ಅಕ್ಕ, ಈ ಎಪಿಸೋಡ್ ನೀನು ಕೇಳೇ ಕೇಳ್ತೀಯ ಅಂತ ಗೊತ್ತು. ಅದು ಎಫೆಕ್ಟ್ ಆಗಿರಲಿಲ್ಲ. ಅಮ್ಮನಿಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ.

ಮುಂದಿನ ವಾರ ಸಿಗೋಣ ಫ್ರೆಂಡ್ಸ್. ಹೊಸ ಬಟ್ಟೆ ತಗೊಂಡ್ರೆ ಒಂದು ಸಲ ಕೈ ಮೇಲೆತ್ತಿ ನೋಡಿ. ನಮಸ್ಕಾರ.